ಗಣಿತದ ಘಟಕ ಪರೀಕ್ಷೆಗೆ ಟಿಕ್ ಹಾಕುವ ಪ್ರಶ್ನೆಗಳು: ಪುಟ್ಟಿಗೆ ಅತ್ತೆಯ ಉತ್ತರ

ಎಲ್ಲರಿಗೂ ನಮಸ್ಕಾರ. ಪುಟ್ಟಿ ನಿನ್ನೆ ರಾತ್ರಿ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನು ಬೆಳಿಗ್ಗೆ ಎರಡು ಸಲ ಓದಿದೆ. ಅವಳು ಪಾಠ ಮಾಡುವ ಹರಿಹರದ ಪ್ರೌಢಶಾಲೆಯಲ್ಲಿ ಈ ವರ್ಷದಿಂದ ಗಣಿತದ ಘಟಕ ಪರೀಕ್ಷೆಗಳನ್ನೆಲ್ಲ ತಲಾ 20 ಬಹು ಆಯ್ಕೆ ಪ್ರಶ್ನೆಗಳಲ್ಲಿಯೇ ಮುಗಿಸಬೇಕೆಂದು ತೀರ್ಮಾನವಾಗಿದೆಯಂತೆ. ಇದು ಸರಿಯೇ, ಸರಿಯಲ್ಲದಿದ್ದರೆ ಏನು ಹೇಳಲಿ ಎಂದು ಕೇಳಿದ್ದಾಳೆ. ಅದಕ್ಕೆ ತಮ್ಮ, ಇದು ಲಾಟರಿ, ಗಣಿತಕ್ಕೆ ಒಪ್ಪುವುದಿಲ್ಲ ಎಂದು ಬರೆದಿದ್ದಾನೆ. ಭಾವನವರು, ಮುಂದೆ ಸಿಇಟಿ, ಜೆಇಇ ಎಲ್ಲವೂ ಹೀಗೆಯೇ ಇರುವುದರಿಂದ ಎಂಟನೇ ತರಗತಿಯಿಂದಲೇ ರೂಢಿಯಾಗಲಿ ಎಂದಿದ್ದಾರೆ. ಮಾತಿನಲ್ಲಿಯೇ ಹೇಳಿ ಕಳಿಸೋಣವೆಂದುಕೊಂಡಿದ್ದೆ. ಆದರೆ ನಡುವೆ ಲೆಕ್ಕಗಳು ಬರುವುದರಿಂದ ಬರೆದೇ ಕಳಿಸುತ್ತಿದ್ದೇನೆ. ಉದ್ದವಾದರೆ ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ತಮ್ಮನ ಮಾತನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ಪ್ರಶ್ನೆಯನ್ನೇ ಓದದೆ ಗುರುತು ಹಾಕುತ್ತಾ ಹೋಗುವ ಮಗುವಿಗೆ, ನಾಲ್ಕು ಆಯ್ಕೆಗಳಿರುವ 20 ಪ್ರಶ್ನೆಗಳಲ್ಲಿ ಸರಾಸರಿ 5 ಸರಿ ಬೀಳುತ್ತವೆ. ಪಾಸಾಗಲು ಶೇಕಡಾ 35, ಅಂದರೆ 7 ಸರಿಯಾದರೆ ಸಾಕು ಎಂದಿಟ್ಟುಕೊಂಡರೆ, ಹೀಗೆ ಕಣ್ಣು ಮುಚ್ಚಿ ಬರೆದ 100 ಮಕ್ಕಳಲ್ಲಿ ಸುಮಾರು 21 ಮಂದಿ ಪಾಸಾಗಿಬಿಡುತ್ತಾರೆ. ಪ್ರಶ್ನೆಗಳನ್ನು 40ಕ್ಕೆ ಏರಿಸಿದರೆ ಆ ಸಂಖ್ಯೆ ಸುಮಾರು 10ಕ್ಕೆ ಇಳಿಯುತ್ತದೆ. ಸಿಇಟಿಯಂತೆ 60 ಪ್ರಶ್ನೆಗಳಿದ್ದರೆ ಸುಮಾರು 5 ಆಗುತ್ತದೆ. ಆದ್ದರಿಂದ ಲಾಟರಿ ಎಂಬ ಮಾತು ದೊಡ್ಡ ಪರೀಕ್ಷೆಗೆ ಅಷ್ಟಾಗಿ ಹೊಂದದಿದ್ದರೂ ಪುಟ್ಟಿಯ 20 ಪ್ರಶ್ನೆಗಳ ಪರೀಕ್ಷೆಗೆ ಚೆನ್ನಾಗಿಯೇ ಹೊಂದುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆದರೆ ಇದು ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ಪ್ರತಿ ತಪ್ಪಿಗೆ ಮೂರನೇ ಒಂದು ಅಂಕ ಕಳೆದರೆ ಕುರುಡು ಊಹೆಯಿಂದ ಬರುವ ಲಾಭ ಸರಾಸರಿಯಲ್ಲಿ ಸೊನ್ನೆಯಾಗುತ್ತದೆ ಎನ್ನುವುದು ನಿಜ. ಆದರೆ ಹದಿಮೂರು ವರ್ಷದ ಮಕ್ಕಳಿಗೆ ಅದನ್ನು ಮಾಡಬೇಡ ಪುಟ್ಟಿ. ಧೈರ್ಯವಿರುವ ಮಗು ಅರ್ಧಂಬರ್ಧ ಗೊತ್ತಿದ್ದರೂ ಗುರುತು ಹಾಕುತ್ತದೆ, ಅಷ್ಟೇ ಗೊತ್ತಿರುವ ಅಂಜುಬುರುಕ ಮಗು ಖಾಲಿ ಬಿಡುತ್ತದೆ. ಕೊನೆಗೆ ನಿನ್ನ ಅಂಕಪಟ್ಟಿಯಲ್ಲಿ ಗಣಿತದ ಜೊತೆಗೆ ಧೈರ್ಯವೂ ಸೇರಿಕೊಂಡು, ಎರಡನ್ನೂ ಬೇರ್ಪಡಿಸಲಾಗದಂತಾಗುತ್ತದೆ.

ಇಷ್ಟಾದರೂ ನಾನು ಬಹು ಆಯ್ಕೆ ಪ್ರಶ್ನೆಗೆ ವಿರೋಧಿಯಲ್ಲ. ಜಗಳೂರು ತಾಲ್ಲೂಕಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ವರ್ಷಗಳಲ್ಲಿ ಮಕ್ಕಳ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನನಗೆ ಬಹು ಬೇಗ ತಿಳಿಸಿಕೊಟ್ಟದ್ದು ಇವೇ ಪ್ರಶ್ನೆಗಳು. ಆದರೆ ಅದಕ್ಕೆ ಒಂದು ಷರತ್ತಿದೆ. ಸರಿಯುತ್ತರವನ್ನು ಯಾರು ಬೇಕಾದರೂ ಬರೆದಾರು; ಉಳಿದ ತಪ್ಪು ಉತ್ತರಗಳನ್ನು ಮಕ್ಕಳ ನೋಟ್‌ಬುಕ್ಕಿನಿಂದಲೇ ಎತ್ತಿಕೊಂಡಿರಬೇಕು. ಮೇಜಿನ ಮುಂದೆ ಕುಳಿತು ನಾವೇ ಕಲ್ಪಿಸಿ ಬರೆದ ತಪ್ಪು ಉತ್ತರಗಳನ್ನು ಯಾವ ಮಗುವೂ ಆರಿಸುವುದಿಲ್ಲ. ಆಗ ನಾಲ್ಕು ಆಯ್ಕೆಗಳ ಪ್ರಶ್ನೆ ಎಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ.

ಒಂದು ಸಣ್ಣ ಉದಾಹರಣೆಯನ್ನು ಕೊಡುತ್ತೇನೆ. 0.5, 0.35, 0.125 ಇವುಗಳಲ್ಲಿ ಯಾವುದು ದೊಡ್ಡದು ಎಂದು ನಾನೇ ಹಲವು ವರ್ಷ ಕೇಳಿದ್ದೇನೆ. ಬಿಂದುವಿನ ಮುಂದೆ ಅಂಕಿಗಳು ಹೆಚ್ಚಿದ್ದರೆ ಸಂಖ್ಯೆ ದೊಡ್ಡದು ಎಂದುಕೊಂಡಿರುವ ಮಗು 0.125 ಎಂದು ಗುರುತು ಹಾಕುತ್ತದೆ, ಅದರ ತಪ್ಪು ನಮಗೆ ಸಿಗುತ್ತದೆ. ಆದರೆ ಅಂಕಿಗಳು ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂದು ತಿಳಿದಿರುವ ಮಕ್ಕಳೂ ಇದ್ದಾರೆ. ಹತ್ತನೇ ಒಂದು ಭಾಗಕ್ಕಿಂತ ಸಾವಿರನೇ ಒಂದು ಭಾಗ ಚಿಕ್ಕದು ಎಂದು ನಾವು ಹೇಳಿಕೊಟ್ಟದ್ದನ್ನೇ ಅವರು ಹಾಗೆ ಅರ್ಥ ಮಾಡಿಕೊಂಡಿರುತ್ತಾರೆ. ಅಂಥ ಮಗು 0.5 ಎಂದು ಗುರುತು ಹಾಕಿ ಪೂರ್ಣ ಅಂಕ ತೆಗೆದುಕೊಂಡು, ತಪ್ಪು ತಿಳಿವಳಿಕೆಯನ್ನು ಹಾಗೆಯೇ ಮನೆಗೆ ಒಯ್ಯುತ್ತದೆ. ಇದು ನನಗೆ ಹೊಳೆದ ದಿನ ಬಹಳ ಬೇಸರವಾಯಿತು, ಎಷ್ಟು ಮಕ್ಕಳಿಗೆ ಹೀಗೆ ಸರಿ ಗುರುತು ಹಾಕಿ ಕಳಿಸಿದ್ದೆನೋ ಎಂದು. ಅಂದಿನಿಂದ ಸಂಖ್ಯೆಗಳನ್ನು 0.3, 0.62, 0.475 ಎಂದು ಬದಲಾಯಿಸಿದೆ. ಈಗ ಉದ್ದವನ್ನು ನೋಡುವ ಮಗು 0.475ಕ್ಕೂ ಗಿಡ್ಡವನ್ನು ನೋಡುವ ಮಗು 0.3ಕ್ಕೂ ಹೋಗುತ್ತದೆ, ಸ್ಥಾನಬೆಲೆ ಗೊತ್ತಿರುವ ಮಗು ಮಾತ್ರ 0.62ಕ್ಕೆ ಬರುತ್ತದೆ. ಇಲ್ಲಿ ಮೂರೇ ಆಯ್ಕೆಗಳಿವೆಯಲ್ಲ ಎಂದು ಸಂಕೋಚಪಡಬೇಡ. ಅಮೆರಿಕದ ಮೈಕೆಲ್ ರಾಡ್ರಿಗೆಜ್ ಎಂಬ ಸಂಶೋಧಕರು 80 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಬಹುತೇಕ ಸಂದರ್ಭಗಳಲ್ಲಿ ಮೂರು ಆಯ್ಕೆಗಳೇ ಸಾಕು ಎಂದು 2005ರಲ್ಲಿ ತೋರಿಸಿದ್ದಾರೆ. ನಾಲ್ಕನೆಯದನ್ನು ಭರ್ತಿಗೆಂದು ಸೇರಿಸುವುದಕ್ಕಿಂತ ಅದನ್ನು ಬಿಡುವುದೇ ಮೇಲು.

ಹತ್ತನೇ ತರಗತಿಯ ವರ್ಗ ಸಮೀಕರಣಕ್ಕೆ ಬಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ಎರಡು ಎಕ್ಸ್ ವರ್ಗ ಮೈನಸ್ ಏಳು ಎಕ್ಸ್ ಪ್ಲಸ್ ಆರು ಸಮ ಸೊನ್ನೆ, ಇದರ ಮೂಲಗಳು, ಅಂದರೆ ಇದಕ್ಕೆ ಹೊಂದುವ ಎಕ್ಸ್‌ನ ಬೆಲೆಗಳು ಯಾವುವು ಎಂದು ಕೇಳಿ ನಾಲ್ಕು ಜೋಡಿಗಳನ್ನು ಕೊಟ್ಟರೆ, ಜಾಣ ಮಗು ಅಪವರ್ತಿಸುವ, ಅಂದರೆ ಗುಣಕಗಳಾಗಿ ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಆಯ್ಕೆಗಳನ್ನು ಒಂದೊಂದಾಗಿ ಎಕ್ಸ್‌ನ ಜಾಗಕ್ಕೆ ಹಾಕಿ ಸೊನ್ನೆ ಬರುತ್ತದೆಯೇ ಎಂದು ನೋಡಿ ಗುರುತು ಹಾಕುತ್ತದೆ. ಅದನ್ನು ಮೋಸ ಎಂದು ನಾನು ಹೇಳುವುದಿಲ್ಲ. ಮೂಲ ಎಂದರೇನು ಎಂಬುದು ಅದಕ್ಕೆ ಗೊತ್ತಿದೆ. ಆದರೆ ನಾವು ಅಳೆಯಬೇಕೆಂದಿದ್ದದ್ದು ಅಪವರ್ತನ, ಅಳೆದದ್ದು ಗುಣಾಕಾರ. ಪಿಯುಸಿಯ ಅನುಕಲನದಲ್ಲಿಯೂ (ಇಂಟಿಗ್ರೇಷನ್) ಹೀಗೆಯೇ, ಉತ್ತರಗಳನ್ನು ಅವಕಲಿಸಿ (ಡಿಫರೆನ್ಶಿಯೇಟ್ ಮಾಡಿ) ನೋಡಿದರೆ ಮುಗಿಯಿತು. ಇದಕ್ಕೆ ಪರಿಹಾರವೆಂದರೆ ಹಿಂದಕ್ಕೆ ಹಾಕಿ ನೋಡಲಾಗದಂಥ ಪ್ರಶ್ನೆಯನ್ನು ಕೇಳುವುದು. ಅದೇ ಸಮೀಕರಣದ ಮೂಲಗಳ ವರ್ಗಗಳ ಮೊತ್ತವೆಷ್ಟು ಎಂದು ಕೇಳು. ಮೂಲಗಳ ಮೊತ್ತ 7/2, ಗುಣಲಬ್ಧ 3. ಮೊತ್ತದ ವರ್ಗದಲ್ಲಿ ಗುಣಲಬ್ಧದ ಎರಡರಷ್ಟನ್ನು ಕಳೆದರೆ 49/4ರಲ್ಲಿ 6 ಹೋಗಿ 25/4 ಉಳಿಯುತ್ತದೆ. ಈಗ ತಪ್ಪು ಉತ್ತರಗಳನ್ನು ನೋಡು. 49/4 ಎಂದು ಗುರುತು ಹಾಕಿದ ಮಗು ಮೊತ್ತದ ವರ್ಗವೂ ವರ್ಗಗಳ ಮೊತ್ತವೂ ಒಂದೇ ಎಂದುಕೊಂಡಿದೆ. 37/4 ಎಂದವನು ಗುಣಲಬ್ಧವನ್ನು ಒಂದೇ ಸಲ ಕಳೆದಿದ್ದಾನೆ. 73/4 ಎಂದವಳು ಕಳೆಯುವ ಬದಲು ಕೂಡಿದ್ದಾಳೆ. ಮೂವರಿಗೂ ಸೊನ್ನೆಯೇ ಬಂದರೂ ಮರುದಿನ ಮೂವರಿಗೂ ಹೇಳಿಕೊಡಬೇಕಾದದ್ದು ಬೇರೆ ಬೇರೆ. ಮೊದಲನೆಯ ಮಗುವನ್ನು ಎಂಟನೇ ತರಗತಿಯ ನಿತ್ಯಸಮೀಕರಣಗಳಿಗೇ ಹಿಂದಕ್ಕೆ ಕರೆದುಕೊಂಡು ಹೋಗಬೇಕು, ಮೂರನೆಯವಳಿಗೆ ಚಿಹ್ನೆಯನ್ನು ತೋರಿಸಿದರೆ ಸಾಕು. ಇದಕ್ಕಾಗಿಯೇ ಪುಟ್ಟಿ, ಪರೀಕ್ಷೆಯಾದ ಮೇಲೆ ಯಾರಿಗೆ ಎಷ್ಟು ಅಂಕ ಎಂದು ಮಾತ್ರ ಬರೆದಿಟ್ಟುಕೊಂಡರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಪ್ರತಿ ಪ್ರಶ್ನೆಗೂ ಎ ಎಷ್ಟು ಮಂದಿ, ಬಿ ಎಷ್ಟು ಮಂದಿ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ಎಣಿಸಬೇಕು. ನಿನ್ನ ತರಗತಿಯಲ್ಲಿ 60 ಮಕ್ಕಳಿದ್ದರೆ, ಒಟ್ಟು ಅಂಕಗಳಲ್ಲಿ ಮೇಲಿನ 16 ಮಂದಿಯನ್ನೂ ಕೆಳಗಿನ 16 ಮಂದಿಯನ್ನೂ ಬೇರೆ ಮಾಡಿ ನೋಡು. ಯಾವುದಾದರೂ ಪ್ರಶ್ನೆಯಲ್ಲಿ ಮೇಲಿನವರಿಗಿಂತ ಕೆಳಗಿನವರೇ ಹೆಚ್ಚು ಸರಿ ಮಾಡಿದ್ದರೆ ಮಕ್ಕಳನ್ನು ಬೈಯುವ ಮೊದಲು ನಿನ್ನ ಕೀ ಉತ್ತರವನ್ನು ಪರೀಕ್ಷಿಸು. ತಪ್ಪು ಬಹುಶಃ ಅಲ್ಲಿಯೇ ಇರುತ್ತದೆ.

ಇನ್ನು ಗುರುತು ಹಾಕುವ ಪರೀಕ್ಷೆ ಮುಚ್ಚಿಡುವ ಸಂಗತಿಯ ಬಗ್ಗೆ ಹೇಳಬೇಕು. 2021ರಲ್ಲಿ ಕೋವಿಡ್ ಕಾರಣದಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಉತ್ತರದ ವೃತ್ತವನ್ನು ತುಂಬುವ ಓಎಂಆರ್ ಹಾಳೆಯಲ್ಲಿ ನಡೆಸಿದ್ದು ನಿಮಗೆಲ್ಲ ನೆನಪಿರಬಹುದು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರಕ್ಕೂ ತಲಾ 40 ಪ್ರಶ್ನೆಗಳು, ಒಂದೇ ದಿನ. ಅದಕ್ಕೆ ಮೊದಲು ನಮ್ಮ ಶಾಲೆಯಲ್ಲಿ ಅಭ್ಯಾಸಕ್ಕೆಂದು ಅದೇ ಮಾದರಿಯ ಪರೀಕ್ಷೆ ಮಾಡಿದ್ದೆವು. ಗಣಿತದಲ್ಲಿ ಯಾವಾಗಲೂ ಮುಂದಿರುತ್ತಿದ್ದ ಹುಡುಗಿಯೊಬ್ಬಳಿಗೆ 40ಕ್ಕೆ 11 ಬಂದಿತ್ತು. ಸುಮ್ಮನೆ ಊಹಿಸಿ ಬರೆದವರಿಗೇ ಸರಾಸರಿ 10 ಬರುತ್ತದೆಯಾದ್ದರಿಂದ ನನಗೆ ಅನುಮಾನವಾಯಿತು. ಅವಳನ್ನು ಕರೆದು ಪ್ರಶ್ನೆಪತ್ರಿಕೆಯನ್ನು ತರಿಸಿಕೊಂಡೆ. ಪುಟಗಳ ಅಂಚಿನಲ್ಲಿ, ಹಿಂಬದಿಯಲ್ಲಿ, ಇರುವೆ ಸಾಲಿನಂಥ ಪುಟ್ಟ ಅಕ್ಷರಗಳಲ್ಲಿ ಪ್ರತಿಯೊಂದು ಲೆಕ್ಕವನ್ನೂ ಮಾಡಿಟ್ಟಿದ್ದಳು. ಏಳನೇ ಪ್ರಶ್ನೆ ಆಮೇಲೆ ಮಾಡೋಣವೆಂದು ಬಿಟ್ಟವಳು ಹಾಳೆಯಲ್ಲಿ ಏಳನೇ ಸಾಲನ್ನು ಬಿಡುವುದನ್ನು ಮರೆತಿದ್ದಳು. ಅಲ್ಲಿಂದ ಮುಂದೆ ಎಲ್ಲ ಉತ್ತರಗಳೂ ಒಂದೊಂದು ಸಾಲು ಮೇಲೆ ಬಿದ್ದಿದ್ದವು. ಅಂಚಿನ ಲೆಕ್ಕಗಳನ್ನು ಕುಳಿತು ತಿದ್ದಿದಾಗ 34 ಸರಿಯಿದ್ದವು. ಅವಳು ಅಳಲಿಲ್ಲ, ಹಾಳೆಯನ್ನೇ ನೋಡುತ್ತಾ ನಿಂತಿದ್ದಳು. ಅಂದಿನಿಂದ ಯಾವ ಪರೀಕ್ಷೆಯಾದರೂ ಕಚ್ಚಾ ಲೆಕ್ಕ ಮಾಡಿದ ಹಾಳೆಯನ್ನು ಉತ್ತರದ ಹಾಳೆಗೆ ಪೋಣಿಸಿಯೇ ಕೊಡಿ ಎಂದು ಮಕ್ಕಳಿಗೆ ಹೇಳುತ್ತಾ ಬಂದೆ. ಎಲ್ಲವನ್ನೂ ಓದಲಾಗುವುದಿಲ್ಲ, ಆದರೆ ಅನುಮಾನ ಬಂದಾಗ ತೆರೆದು ನೋಡಲು ಅದು ಇರಬೇಕು.

ಭಾವನವರೇ, ನಿಮ್ಮ ಮಾತನ್ನು ನಾನು ಮರೆತಿಲ್ಲ. ಸಿಇಟಿ ಗಣಿತದಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಜೆಇಇ ಮೇನ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಆ ವೇಗವೂ, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಅಭ್ಯಾಸದಿಂದಲೇ ಬರುತ್ತವೆ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅದು ಪಿಯುಸಿಯ ಎರಡು ವರ್ಷಗಳಲ್ಲಿ ಬರುವಂಥದ್ದು. ಎಂಟನೇ ತರಗತಿಯ ಮಗುವಿಗೆ ಮೊದಲು ಬೇಕಾದದ್ದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಏಕೆ ಹೋದೆ ಎಂದು ಬರೆಯುವ ರೂಢಿ. ಅದಿಲ್ಲದೆ ಆಯ್ಕೆಗಳನ್ನು ಹೊಡೆದುಹಾಕುವ ಉಪಾಯವನ್ನು ಮಾತ್ರ ಕಲಿತ ಮಗು ಮುಂದೆ ಆಯ್ಕೆಗಳೇ ಇಲ್ಲದ ಲೆಕ್ಕದ ಮುಂದೆ ಕುಳಿತಾಗ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಪೆನ್ನು ಹಿಡಿದೇ ಇರುತ್ತದೆ. ಎಸ್ಸೆಸ್ಸೆಲ್ಸಿಯ 80 ಅಂಕಗಳ ಗಣಿತ ಪತ್ರಿಕೆಯಲ್ಲಿಯೂ ಬಹು ಆಯ್ಕೆಯ ಪ್ರಶ್ನೆಗಳು 8 ಅಂಕಕ್ಕೆ ಮಾತ್ರ. ಉಳಿದದ್ದನ್ನೆಲ್ಲ ಬರೆದೇ ಗಳಿಸಬೇಕು, ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಸಿಗುತ್ತದೆ. ರೇಖಾಗಣಿತದ ಥೇಲ್ಸ್ ಪ್ರಮೇಯದ ಸಾಧನೆಯನ್ನು ನಾಲ್ಕು ಆಯ್ಕೆಗಳಲ್ಲಿ ಯಾರು ತಾನೇ ಕೇಳಬಲ್ಲರು?

ತರಗತಿಯೊಳಗೆ, ಅಂಕವಿಲ್ಲದೆ, ಈ ಪ್ರಶ್ನೆಗಳು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಅವರು ಭೌತಶಾಸ್ತ್ರದ ಪಾಠದಲ್ಲಿ 1990ರ ದಶಕದ ಆರಂಭದಿಂದ ಇದನ್ನು ಮಾಡಿ ತೋರಿಸಿದ್ದಾರೆ. ಪ್ರಶ್ನೆ ಕೇಳಿ ಮೊದಲು ಪ್ರತಿಯೊಬ್ಬರೂ ತಮ್ಮ ಉತ್ತರ ಆರಿಸಬೇಕು, ಆಮೇಲೆ ಪಕ್ಕದವರೊಂದಿಗೆ ವಾದ ಮಾಡಬೇಕು, ಮತ್ತೆ ಆರಿಸಬೇಕು. ನಾನು ಕೈ ಎತ್ತಿಸಿಯೇ ಮಾಡುತ್ತಿದ್ದೆ. ಹೊಲವೊಂದರ ಉದ್ದವನ್ನು ಶೇಕಡಾ 10 ಹೆಚ್ಚಿಸಿ ಅಗಲವನ್ನು ಶೇಕಡಾ 10 ಕಡಿಮೆ ಮಾಡಿದರೆ ವಿಸ್ತೀರ್ಣ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ, ಅಷ್ಟೇ ಇರುತ್ತದೆಯೋ ಎಂದು ಕೇಳಿದರೆ ಮುಕ್ಕಾಲು ತರಗತಿ ಅಷ್ಟೇ ಇರುತ್ತದೆ ಎಂದು ಕೈ ಎತ್ತುತ್ತಿತ್ತು. ಮಾತಾಡಿಕೊಳ್ಳಿ ಎಂದು ಬಿಟ್ಟರೆ ಯಾರೋ ಒಬ್ಬರು 100 ಮೀಟರ್ ಉದ್ದ, 50 ಮೀಟರ್ ಅಗಲ ಎಂದು ಹಿಡಿದು, 5000 ಚದರ ಮೀಟರ್ ಇದ್ದದ್ದು 110ನ್ನು 45ರಿಂದ ಗುಣಿಸಿದಾಗ 4950 ಆಯಿತೆಂದು ತೋರಿಸುತ್ತಿದ್ದರು. ಒಮ್ಮೆ ಮೆಕ್ಕೆಜೋಳ ಬೆಳೆಯುವ ಮನೆಯ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಐವತ್ತು ಚದರ ಮೀಟರ್ ಹೊಲ ಎಲ್ಲಿಗೆ ಹೋಯ್ತು?” ಎಂದು ನಿಜವಾಗಿಯೂ ಗಾಬರಿಯಿಂದ ಕೇಳಿದ. ಆ ದಿನದ ಉಳಿದ ಪಾಠವೆಲ್ಲ ಅವನ ಪ್ರಶ್ನೆಯಿಂದಲೇ ನಡೆಯಿತು, ಅವನೇ ಬೋರ್ಡಿನ ಮೇಲೆ ಚಿತ್ರ ಬರೆದು ಕಳೆದುಹೋದ ಹೊಲದ ಪಟ್ಟಿಯನ್ನು ಹುಡುಕಿ ಕೊಟ್ಟ.

ಹಾಗಾದರೆ ಮುಖ್ಯೋಪಾಧ್ಯಾಯರಿಗೆ ಏನು ಹೇಳಲಿ ಎಂದು ಕೇಳಿದ್ದೀಯಲ್ಲ. ತೀರ್ಮಾನವನ್ನು ಪೂರ್ತಿ ತಿರಸ್ಕರಿಸಬೇಡ. 60 ಮಕ್ಕಳ ಉತ್ತರಪತ್ರಿಕೆಗಳನ್ನು ತಿಂಗಳು ತಿಂಗಳೂ ತಿದ್ದುವ ಕಷ್ಟ ಅವರಿಗೂ ಗೊತ್ತಿದೆ, ನಿನಗೂ ಗೊತ್ತಿದೆ. 20 ಅಂಕಗಳಲ್ಲಿ 10ಕ್ಕೆ ಬಹು ಆಯ್ಕೆಯ ಪ್ರಶ್ನೆಗಳಿರಲಿ. ಅವುಗಳಲ್ಲಿ ಎರಡರ ಕೆಳಗೆ, ಈ ಉತ್ತರವನ್ನು ಏಕೆ ಆರಿಸಿದೆ ಎಂದು ಒಂದು ಸಾಲು ಬರೆಯಲು ಜಾಗ ಬಿಟ್ಟು ಅದಕ್ಕೆ ಒಂದೊಂದು ಅಂಕ ಇಡು. ಉಳಿದ 8 ಅಂಕಗಳಿಗೆ ಎರಡು ಲೆಕ್ಕಗಳನ್ನು ಹಂತಹಂತವಾಗಿ ಬರೆಸು. ತಿದ್ದುವ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ ಎಂದು ವಿನಯದಿಂದ ಹೇಳಿದರೆ ಅವರು ಕೇಳುತ್ತಾರೆಂದು ನನಗೆ ನಂಬಿಕೆಯಿದೆ. ಪಾಸು ನಪಾಸನ್ನು ಮಾತ್ರ ಆ 10 ಪ್ರಶ್ನೆಗಳ ಮೇಲೆ ನಿಲ್ಲಿಸಬೇಡ. ನಾಲ್ಕು ಆಯ್ಕೆಗಳಿದ್ದರೂ ಹತ್ತರಲ್ಲಿ ಕನಿಷ್ಠ ನಾಲ್ಕನ್ನು ಕುರುಡು ಊಹೆಯಿಂದಲೇ ಸರಿ ಮಾಡುವವರು 100ಕ್ಕೆ ಸುಮಾರು 22 ಮಂದಿ ಇರುತ್ತಾರೆ.

ಭಾನುವಾರ ದಾವಣಗೆರೆಗೆ ಬರುವಾಗ ನಿನ್ನ ತರಗತಿಯ ಹತ್ತು ಹನ್ನೆರಡು ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಬಾ. ಚೆನ್ನಾಗಿ ಮಾಡುವವರದ್ದನ್ನು ಬಿಟ್ಟು, ಕೆಂಪು ಗೆರೆ ಹೆಚ್ಚು ಬಿದ್ದಿರುವವುಗಳನ್ನೇ ಆರಿಸಿ ತಾ. ಊಟವಾದ ಮೇಲೆ ಇಬ್ಬರೂ ಕುಳಿತು ಅವರ ತಪ್ಪುಗಳನ್ನು ಪಟ್ಟಿ ಮಾಡಿದರೆ ಮೊದಲ ಪರೀಕ್ಷೆಗೆ ಬೇಕಾದ ಆಯ್ಕೆಗಳೆಲ್ಲ ಸಂಜೆಯೊಳಗೆ ಸಿಕ್ಕಿಬಿಡುತ್ತವೆ.