ಸಹಾಯ ಬೇಕು: ಅಮೆರಿಕದಲ್ಲಿ ಹುಟ್ಟಿದ ಮಗಳಿಗೆ ಕೆನಡಾ ಶಾಲೆಯಲ್ಲಿ ಚುಚ್ಚುಮಾತು

ಟೊರಾಂಟೊ ಕಡೆಯ ಕನ್ನಡಿಗರಿಗೆ ನಮಸ್ಕಾರ. ನಾವು ನ್ಯೂಜೆರ್ಸಿಯಿಂದ ಮಿಸಿಸಾಗಕ್ಕೆ ಬಂದವರು, ಮನೆಯವರೆಲ್ಲ ಅಮೆರಿಕದ ಪೌರರು. ಏಳನೇ ಕ್ಲಾಸಿನ ಮಗಳು ಹುಟ್ಟಿ ಬೆಳೆದದ್ದು ಅಲ್ಲೇ. ಈಗ ಕ್ಲಾಸಿನ ಕೆಲವು ಮಕ್ಕಳು "ನಿಮ್ಮ ದೇಶಕ್ಕೆ ವಾಪಸ್ ಹೋಗು, ನಮ್ಮನ್ನ 51ನೇ ರಾಜ್ಯ ಮಾಡೋಕೆ ಬಂದಿದ್ದೀಯಾ" ಅಂತ ಕೆಣಕುತ್ತಾರಂತೆ. ಅವಳು ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದಾಳೆ. ಯಾವ ಊರು ಅಂತ ಯಾರಾದರೂ ಕೇಳಿದರೆ ಬೆಂಗಳೂರು ಅನ್ನುತ್ತಾಳೆ. ಕೇಳಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಲ್ಲಿನವರ ಸಿಟ್ಟು ಅರ್ಥವಾಗುತ್ತದೆ. 2025ರಲ್ಲಿ ಟ್ರಂಪ್ ಸುಂಕ ಹೇರಿ, ಕೆನಡಾವನ್ನೇ ಅಮೆರಿಕದ 51ನೇ ರಾಜ್ಯವಾಗಿ ಸೇರಿಸಿಕೊಳ್ಳುವ ಮಾತಾಡಿದಾಗ ಹಾಕಿ, ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಅಮೆರಿಕದ ರಾಷ್ಟ್ರಗೀತೆ ಶುರುವಾದರೆ ಜನ ಕೂಗಿ ವಿರೋಧಿಸಿದರು. ಒಂಟಾರಿಯೊದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನೇ ತೆಗೆದುಬಿಟ್ಟವು. ಆ ಪ್ರತಿಭಟನೆ ನ್ಯಾಯವೇ. ಆದರೆ ಹನ್ನೆರಡು ವರ್ಷದ ಮಗುವಿನ ಮೇಲೆ ಅದು ತಿರುಗಬಾರದು.

ಟೀಚರಿಗೆ ಹೇಳಿದೆ, ಮಕ್ಕಳ ತಮಾಷೆ ಅಂದರು. ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಡಲೇ? ಕೊಟ್ಟರೆ ಅವಳು ಇನ್ನಷ್ಟು ಒಂಟಿಯಾಗುತ್ತಾಳಾ? ಇದನ್ನು ಅನುಭವಿಸಿದವರಿದ್ದರೆ, ನೀವು ಏನು ಮಾಡಿದಿರಿ ಅಂತ ದಯವಿಟ್ಟು ತಿಳಿಸಿ. ಅಮೆರಿಕದಿಂದ ಬಂದ, ಇದೇ ವಯಸ್ಸಿನ ಮಕ್ಕಳು ಬ್ರಾಂಪ್ಟನ್, ಓಕ್‌ವಿಲ್ ಕಡೆ ಇದ್ದರೂ ಸರಿ, ನಾನೇ ಕರೆದುಕೊಂಡು ಬಂದು ಭೇಟಿ ಮಾಡಿಸುತ್ತೇನೆ.