ಅಪ್‌ಡೇಟ್: ಅಪ್ಪನ ಜೊತೆ ಗೋಮುಖ ನೋಡಿ ಬಂದೆ

60 ದಾಟಿದ ಅಪ್ಪನನ್ನು ಕಲಬುರಗಿಯಿಂದ ಉತ್ತರಾಖಂಡದ ಗಂಗೋತ್ರಿ ಹಿಮನದಿಗೆ, ಅಂದರೆ ಅದರ ತುದಿಯಾದ ಗೋಮುಖಕ್ಕೆ, ಕರೆದುಕೊಂಡು ಹೋಗಬಹುದಾ ಅಂತ ಮಾರ್ಚ್‌ನಲ್ಲಿ ಕೇಳಿದ್ದೆ. ಹೋಗಿ ಬಂದೆವು! ಉತ್ತರ ಕೊಟ್ಟ ಅಣ್ಣಂದಿರು, ಅಕ್ಕಂದಿರಿಗೆಲ್ಲ ಶರಣು.

ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಬೇಕು ಅಂತ ನೀವು ಹೇಳಿದ್ದೇ ನಿಜ. ಗೋಮುಖ ಇರುವುದು ರಾಷ್ಟ್ರೀಯ ಉದ್ಯಾನದೊಳಗೆ, ದಿನಕ್ಕೆ 150 ಜನರನ್ನಷ್ಟೇ ಬಿಡುತ್ತಾರೆ. ಏಜೆಂಟ್ ಒಬ್ಬರು ಮಾಡಿಸಿದ್ದೀನಿ ಅಂದಿದ್ದರು, ಮಾಡಿಸಿರಲಿಲ್ಲ, ಒಂದು ದಿನ ಸುಮ್ನೆ ಹೋಯಿತು, ಬಹಳ ಬೇಜಾರಾಯಿತು.

ಗಂಗೋತ್ರಿ ಊರಿನಿಂದ ಗೋಮುಖಕ್ಕೆ 18 ಕಿ.ಮೀ. ನಡಿಗೆ. 14 ಕಿ.ಮೀ. ನಡೆದು ಭೋಜ್‌ಬಾಸಾದಲ್ಲಿ ರಾತ್ರಿ ಉಳಿದೆವು. ನಮ್ಮಂಥ ಬಿಸಿಲೂರಿನವರಿಗೆ ಚಳಿಗಿಂತ ತೆಳು ಗಾಳಿಯದ್ದೇ ಕಷ್ಟ ಜಾಸ್ತಿ, ಅದಕ್ಕೇ ಮೊದಲು ಗಂಗೋತ್ರಿಯಲ್ಲಿ ಎರಡು ದಿನ ಇದ್ದು ಮೈ ಒಗ್ಗಿಸಿಕೊಂಡಿದ್ದು ಒಳ್ಳೆಯದಾಯಿತು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊನೇ ದಿನದವರೆಗೂ ಬಂತು.

ಹಿಮನದಿ ಬೆಳ್ಳಗೆ ಹೊಳೆಯುತ್ತೆ ಅಂದುಕೊಂಡಿದ್ದೆ. ಮೇಲೆಲ್ಲ ಕಲ್ಲು, ಮಣ್ಣು. ತೀರಾ ಹತ್ತಿರ ಹೋಗಬೇಡಿ, ಮುಂಭಾಗದಿಂದ ಮಂಜುಗಡ್ಡೆ ಕಳಚಿ ಬೀಳುತ್ತಿರುತ್ತದೆ. ಸುಮಾರು 30 ಕಿ.ಮೀ. ಉದ್ದದ ಆ ಹಿಮನದಿ ವರ್ಷವರ್ಷವೂ ಹಿಂದೆ ಸರಿಯುತ್ತಿದೆ ಅನ್ನುವುದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಅದರಡಿಯಿಂದ ಭಾಗೀರಥಿ ನುಗ್ಗಿ ಬರುವುದನ್ನು ನೋಡುತ್ತಾ ಅಪ್ಪ ಅರ್ಧ ಗಂಟೆ ಮಾತೇ ಆಡಲಿಲ್ಲ.