ಪ್ಲಾಸ್ಮಾಕ್ಕೆ ತೇಗು ಬಂದರೆ

"ಟೋಕಮಾಕ್ ಯಂತ್ರದಲ್ಲಿ ಸರಿಯಾಗಿರೋ ಕಾಂತಕ್ಷೇತ್ರವನ್ನ ಬೇಕಂತಲೇ ಕೆಡಿಸ್ತಾರೆ ಅಂದ್ರೆ ಅವರು ವಿಜ್ಞಾನಿಗಳೋ, ನನ್ನ ಕಕ್ಷಿದಾರರೋ?" ಅಂದ ವಕೀಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಅರ್ಧ ಗಂಟೆ ಪಾಠ ಗ್ಯಾರಂಟಿ ಅಂತ ನಾನು ಗೋಡೆಗೆ ಒರಗಿದೆ.

"ಕೇಳಯ್ಯಾ. ಟೋಕಮಾಕ್ ಅಂದ್ರೆ ಸೂರ್ಯನ ಹಾಗೆ ಪರಮಾಣುಗಳನ್ನ ಬೆಸೆದು ಶಕ್ತಿ ತೆಗೆಯೋಕೆ, ಪ್ಲಾಸ್ಮಾ ಅನ್ನೋ ಕುದಿಯೋ ಅನಿಲವನ್ನ ಕಾಂತಕ್ಷೇತ್ರದಲ್ಲಿ ಹಿಡಿದಿಡೋ ಯಂತ್ರ. ಆ ಪ್ಲಾಸ್ಮಾ ಶಾಖ ಸೋರಿಸ್ತಾನೇ ಇತ್ತು. 1982ರಲ್ಲಿ ಜರ್ಮನಿಯ ಆಸ್ಡೆಕ್ಸ್ ಯಂತ್ರದಲ್ಲಿ ಇದ್ದಕ್ಕಿದ್ದ ಹಾಗೆ ಅದಕ್ಕೆ ಬುದ್ಧಿ ಬಂತು. ಅಂಚಿನಲ್ಲಿ ಬೇಲಿ ಹಾಕಿದ ಹಾಗೆ ಶಾಖ ಹಿಡಿದಿಟ್ಟುಕೊಳ್ತು. ಅದೇ ಎಚ್-ಮೋಡ್. ಆದರೆ ಬೇಲಿಯೊಳಗೆ ಒತ್ತಡ ತುಂಬಿ ತುಂಬಿ ಆಗಾಗ ತೇಗು. ಎಲ್ಮ್ ಅಂತಾರೆ."

"ತೇಗಲಿ ಬಿಡಿ, ಪಾಪ."

"ಪಾಪ ಅಂತೆ! ಒಂದೊಂದು ತೇಗಿಗೂ ಕಣ್ಣು ಮಿಟುಕಿಸೋಕೆ ಮುಂಚೆ ಶಾಖ ಹೋಗಿ ಡೈವರ್ಟರ್ ತಟ್ಟೆಗೆ, ಅಂದ್ರೆ ಸೋರೋ ಶಾಖ ಬೀಳಲಿ ಅಂತಲೇ ಇಟ್ಟಿರೋ ತಟ್ಟೆಗೆ, ಬಡಿಯುತ್ತೆ. ಫ್ರಾನ್ಸಿನಲ್ಲಿ ಕಟ್ತಿರೋ ದೊಡ್ಡ ಟೋಕಮಾಕ್ ಆದ ಐಟರ್‌ನಲ್ಲಿ ತೇಗು ಇಲ್ಲದಾಗಲೇ ಆ ತಟ್ಟೆ ಚದರ ಮೀಟರಿಗೆ 10 ಮೆಗಾವ್ಯಾಟ್ ತಡ್ಕೋಬೇಕು. ಸೂರ್ಯನ ಮೈಯಿಂದ ಹೊರಡೋದೇ ಸುಮಾರು 63. ಟಂಗ್‌ಸ್ಟನ್ ಲೋಹದ ತಟ್ಟೆಯೇ ಆದರೂ 3422 ಡಿಗ್ರಿಗೆ ಕರಗಲೇಬೇಕಲ್ಲ?"

"ಅದಕ್ಕೇ ಕೆಡಿಸೋದಾ?"

"ಅದಕ್ಕೇ. ವಿದ್ಯುತ್ ಹರಿಸೋ ಪುಟ್ಟ ತಂತಿ ಸುರುಳಿಗಳಿಂದ ಅಂಚಿನ ಕಾಂತಕ್ಷೇತ್ರವನ್ನ ಚೂರೇ ಚೂರು ಕದಡೋದು. ಮುಖ್ಯ ಕ್ಷೇತ್ರದ ಸಾವಿರದಲ್ಲೊಂದು ಪಾಲೂ ಬೇಡ. ಬೇಲಿ ಸ್ವಲ್ಪ ಸೋರುತ್ತೆ, ಒತ್ತಡ ಅತಿಯಾಗಲ್ಲ. ಅಮೆರಿಕದ ಡಿ-ತ್ರೀ-ಡಿ ಯಂತ್ರದವರು ಹೀಗೆ ದೊಡ್ಡ ತೇಗುಗಳನ್ನ ಅಡಗಿಸಿದ್ದನ್ನ 2004ರಲ್ಲಿ ಪ್ರಕಟಿಸಿದರು. ಐಟರ್‌ಗೂ ಇಂಥ 27 ಸುರುಳಿ ಹಾಕ್ತಾರೆ."

"ಹಾಗಾದರೆ ಕೇಸು ಖುಲಾಸೆ!"

"ಎಲ್ಲಿಯ ಖುಲಾಸೆ? ಮೊದಲು ಶಾಖ ತಟ್ಟೆ ಮೇಲೆ ಬಳೆಯ ಹಾಗೆ ಒಂದೇ ಗೆರೆಯಲ್ಲಿ ಬೀಳ್ತಿತ್ತು. ಕ್ಷೇತ್ರ ಕದಡಿದ ಮೇಲೆ ಆ ಗೆರೆ ಸೀಳಿ ಪಟ್ಟೆ ಪಟ್ಟೆ. ಅವಕೆಂಪು ಕ್ಯಾಮೆರಾದಲ್ಲಿ ನೋಡಿದರೆ ತಟ್ಟೆ ಮೇಲೆ ಸುರುಳಿಯಾಕಾರದ ಗೀರುಗಳು, ಹುಲಿ ಪರಚಿದಂಗೆ. ಗೀರು ಅಲ್ಲೇ ನಿಂತರೆ ಅದೇ ಜಾಗ ಬೇಯುತ್ತೆ."

"ಪಕ್ಕಕ್ಕೆ ಸರಿಸಿ" ಅಂದೆ, ಏನೋ ಬಾಯಿಗೆ ಬಂದದ್ದು.

ಮೇಷ್ಟ್ರು ನನ್ನನ್ನೇ ನೋಡಿದರು. "ಇವನು ನಿದ್ದೆಯಲ್ಲೂ ಸರಿಯಾಗೇ ಹೇಳ್ತಾನಲ್ಲ! ಸುರುಳಿಗಳ ವಿದ್ಯುತ್ತನ್ನ ಹದವಾಗಿ ಬದಲಾಯಿಸ್ತಾ ಆ ಗೀರುಗಳನ್ನ ಸುತ್ತ ತಿರುಗಿಸ್ತಾರೆ. ಬಿಸಿ ಎಲ್ಲ ಕಡೆ ಹಂಚಿಹೋಗುತ್ತೆ."

ಈ ಹೊಗಳಿಕೆ ನನಗೆ ವರ್ಷವಿಡೀ ಸಾಕು.

ವಕೀಲ ಬಿಡಲಿಲ್ಲ. "ಇಷ್ಟೆಲ್ಲ ಯಾಕೆ? ತಟ್ಟೆ ಮುಂದೆ ತಣ್ಣನೆ ಅನಿಲ ಊದಿ, ಮೆತ್ತೆ ಇಟ್ಟ ಹಾಗೆ."

"ಊದ್ತಾರೆ. ಆದರೆ ಕದಡಿದಾಗ ಪ್ಲಾಸ್ಮಾದ ಸಾಂದ್ರತೆಯೇ ಇಳಿದುಹೋಗುತ್ತೆ, ಮೆತ್ತೆ ಕಟ್ಟೋದು ಕಷ್ಟ. ಜಾಸ್ತಿ ಊದಿದರೆ ತೇಗು ವಾಪಸ್ ಬರಬಹುದು."

ವಕೀಲನ ಮುಖ ಅರಳಿತು. "ಗೊತ್ತಾಯ್ತು ಬಿಡಿ. ವಾಯಿದೆ. ಮುಂದಿನ ತಾರೀಖು ಯಾವತ್ತು?"